ಹೆಸರಿಲ್ಲದವರ ವಿಳಾಸ

ಕುಡಿತವನ್ನು ಬಿಟ್ಟವರೂ ಬಿಡಬೇಕೆಂದು ಬಯಸುವವರೂ ವಾರಕ್ಕೊಮ್ಮೆ ಕೂಡಿ ಮಾತನಾಡಿಕೊಳ್ಳುವ ಸಭೆಗಳ ವಿಷಯವನ್ನು ನಮ್ಮಲ್ಲಿ ಅನೇಕರು ಕೇಳಿರುತ್ತಾರೆ. ಅಂಥ ಸಭೆ ನಮ್ಮ ಊರಿನಲ್ಲಿ ಎಲ್ಲಿ ನಡೆಯುತ್ತದೆ ಎಂದು ಕೇಳಿ ನೋಡಿ, ಹೇಳಬಲ್ಲವರು ಸಿಗುವುದು ಕಷ್ಟ. ಮದ್ಯದಂಗಡಿಯ ದಾರಿಯನ್ನಾದರೋ ಶಾಲೆಗೆ ಹೋಗುವ ಮಕ್ಕಳೂ ತೋರಿಸಿಯಾರು. ಅಂಗಡಿಗೆ ಫಲಕವಿದೆ, ದೀಪವಿದೆ. ಈ ಸಭೆಗೆ ಅವೊಂದೂ ಇಲ್ಲ. ಇದು ಯಾರದೋ ಅಲಕ್ಷ್ಯದಿಂದ ಆದದ್ದಲ್ಲ. ಸದಸ್ಯರ ಹೆಸರನ್ನು ಹೊರಗೆಡಹಬಾರದೆಂಬುದು ಆ ಕೂಟದ ನಿಯಮಗಳಲ್ಲೊಂದು. ಹೆಸರನ್ನೇ ಹೇಳದವರ ಮನೆಬಾಗಿಲನ್ನು ಅಗತ್ಯವಿದ್ದವನು ಕಂಡುಕೊಳ್ಳುವುದು ಹೇಗೆ? ಈ ಒಂದು ತೊಡಕನ್ನು ಬಿಡಿಸಿಕೊಳ್ಳಲು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು ಪಟ್ಟ ಪಾಡೇ ಒಂದು ಇತಿಹಾಸ. ಅದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಆರಂಭವಾಗುವುದು 1935ರ ಮೇ 11, ಶನಿವಾರದಂದು. ಅಮೆರಿಕದ ಒಹಾಯೊ ಸಂಸ್ಥಾನದ ಅಕ್ರಾನ್ ಎಂಬ ಊರಿನಲ್ಲಿ. ಅಕ್ರಾನ್ ಆಗ ರಬ್ಬರಿನ ರಾಜಧಾನಿ. ಗುಡ್‌ಇಯರ್ ಮೊದಲಾದ ಟೈರು ಕಂಪನಿಗಳ ನೆಲೆ. ನ್ಯೂಯಾರ್ಕಿನಿಂದ ಬಂದಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ಒಂದು ಯಂತ್ರ ಕಂಪನಿಯ ಹಿಡಿತಕ್ಕಾಗಿ ನಡೆದ ಜಗಳದಲ್ಲಿ ಸೋತು, ಕೈಯಲ್ಲಿ ಹೆಚ್ಚು ಕಾಸಿಲ್ಲದೆ, ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದ. ಒಂದು ಪಕ್ಕದಲ್ಲಿ ಬಾರು, ಅಲ್ಲಿಂದ ನಗುವಿನ ಸದ್ದು. ಇನ್ನೊಂದು ಪಕ್ಕದಲ್ಲಿ ಟೆಲಿಫೋನು, ಅದರ ಬಳಿ ಊರಿನ ಚರ್ಚುಗಳ ಪಟ್ಟಿ. ಅವನು ಕುಡಿತ ಬಿಟ್ಟು ಆಗಿದ್ದದ್ದು ಕೇವಲ ಐದು ತಿಂಗಳು. ಬಾರಿನೊಳಗೆ ಕಾಲಿಟ್ಟರೆ ಆ ಐದು ತಿಂಗಳೂ ನೀರಿನ ಪಾಲೆಂಬುದು ಅವನಿಗೆ ಗೊತ್ತಿತ್ತು. ಟೆಲಿಫೋನಿನ ಕಡೆ ಹೋದ.

ಅವನು ಕೇಳಿದ್ದೇನು ಎಂಬುದನ್ನು ಗಮನಿಸಬೇಕು. ವೈದ್ಯರನ್ನು ಕೇಳಲಿಲ್ಲ, ಉಪದೇಶಕರನ್ನು ಕೇಳಲಿಲ್ಲ. ತನ್ನಂಥ ಇನ್ನೊಬ್ಬ ಕುಡುಕ ಈ ಊರಿನಲ್ಲಿ ಸಿಕ್ಕಾನೆ, ಅವನೊಡನೆ ಮಾತಾಡಬೇಕಾಗಿದೆ ಎಂದು ಕೇಳಿದ. ಪಟ್ಟಿಯಿಂದ ಆರಿಸಿದ ಹೆಸರು ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗಳದು. ಅವರು ಕೆಲವು ಹೆಸರುಗಳನ್ನು ಕೊಟ್ಟರು. ಒಂದಾದಮೇಲೊಂದು ಕರೆ ವ್ಯರ್ಥವಾಗಿ, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆ ಸಿಕ್ಕಿದಳು. ಗುಡ್‌ಇಯರ್ ಸಂಸ್ಥಾಪಕರ ಸೊಸೆಯಾದ ಆಕೆ ಕುಡಿಯುವವಳಲ್ಲ. ಆದರೆ ಕುಡಿತದಿಂದ ಕೆಟ್ಟುಹೋಗುತ್ತಿದ್ದ ಒಬ್ಬ ಶಸ್ತ್ರವೈದ್ಯರಿಗಾಗಿ ಮರುಗುತ್ತಿದ್ದವಳು. ಆ ವೈದ್ಯರೇ ಡಾ. ರಾಬರ್ಟ್ ಸ್ಮಿತ್, ಮುಂದೆ ಎಲ್ಲರ ಬಾಯಲ್ಲಿ ಡಾಕ್ಟರ್ ಬಾಬ್. ಅಂದೇ ಕರೆತರೋಣವೆಂದರೆ ಆಗಲಿಲ್ಲ. ಮರುದಿನದ ತಾಯಂದಿರ ದಿನಕ್ಕೆಂದು ಡಾಕ್ಟರು ಹೆಂಡತಿಗೆ ಒಂದು ಹೂಗಿಡದ ಕುಂಡ ತಂದಿದ್ದರಂತೆ. ಗಿಡ ಮೇಜಿನ ಮೇಲಿತ್ತು, ತಂದವರು ಮೇಜಿನ ಕೆಳಗಿದ್ದರು.

ಮರುದಿನ, ಅಂದರೆ ಮೇ 12ರ ಭಾನುವಾರ ಸಂಜೆ ಐದಕ್ಕೆ, ಹೆನ್ರಿಯೆಟ್ಟಾಳ ಮನೆಯಲ್ಲಿ ಇಬ್ಬರೂ ಎದುರುಬದುರು ಕುಳಿತರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಹೆಂಡತಿಯಿಂದ ಮಾತು ತೆಗೆದುಕೊಂಡು ಬಂದಿದ್ದ ಡಾಕ್ಟರು ಎದ್ದಾಗ ರಾತ್ರಿ ಹನ್ನೊಂದು ಕಳೆದಿತ್ತು. ಉಪದೇಶ ಕೇಳಿ ಕೇಳಿ ಅವರ ಕಿವಿ ಕಿವುಡಾಗಿದ್ದವು. ಈ ಅಪರಿಚಿತನಾದರೋ ಉಪದೇಶಿಸಲಿಲ್ಲ, ತನ್ನ ಕಥೆಯನ್ನು ಹೇಳಿಕೊಂಡ. ಈ ಮಾತು ಬಿಲ್ಲನಿಗೂ ಸುಲಭವಾಗಿ ಹೊಳೆದದ್ದಲ್ಲ. ಹಿಂದಿನ ಐದು ತಿಂಗಳು ನ್ಯೂಯಾರ್ಕಿನಲ್ಲಿ ಕಂಡಕಂಡ ಕುಡುಕರಿಗೆಲ್ಲ ಬೋಧನೆ ಮಾಡಿದ್ದ, ಒಬ್ಬನೂ ಬಿಟ್ಟಿರಲಿಲ್ಲ. ಅವನಿಗೆ ಚಿಕಿತ್ಸೆ ನೀಡಿದ್ದ ಡಾ. ವಿಲಿಯಂ ಸಿಲ್ಕ್‌ವರ್ತ್ ಎಂಬವರೇ, ಮೊದಲು ರೋಗದ ಮಾತಾಡು, ದೇವರ ಮಾತು ಆಮೇಲಿರಲಿ, ಎಂಬರ್ಥದಲ್ಲಿ ತಿದ್ದಿದ್ದರು. ತರಗತಿಯಲ್ಲಿ ನಿಂತು ಮೂರು ದಶಕ ಬೋಧಿಸಿದ ನನ್ನಂಥವನಿಗೆ ಈ ಭಾಗವನ್ನು ಓದುವಾಗ ಸ್ವಲ್ಪ ಇರಿಸುಮುರಿಸಾಗುತ್ತದೆಂಬುದು ನಿಜ.

ಡಾಕ್ಟರ್ ಬಾಬ್ ಅಂದಿನಿಂದಲೇ ಬಿಟ್ಟರೆಂದು ತಿಳಿಯಬೇಡಿ. ಕೆಲವು ವಾರಗಳ ನಂತರ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ವೈದ್ಯರ ಸಮ್ಮೇಳನಕ್ಕೆ ರೈಲು ಹತ್ತಿದವರು ದಾರಿಯಲ್ಲೇ ಕುಡಿಯತೊಡಗಿ, ಮೈಮೇಲೆ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಊರಿಗೆ ಮರಳಿದರು. ಮುಂದೆ ಅವರು ಒಂದು ಶಸ್ತ್ರಚಿಕಿತ್ಸೆ ಮಾಡಬೇಕಾಗಿತ್ತು. ಅಂದು ಬೆಳಿಗ್ಗೆ ಕೈ ನಡುಗದಿರಲೆಂದು ಬಿಲ್ ವಿಲ್ಸನನೇ ಒಂದು ಬಾಟಲಿ ಬಿಯರ್ ಕೊಟ್ಟ. ಅದೇ ಕೊನೆಯದು. ಕೂಟದವರು 1935ರ ಜೂನ್ 10ನ್ನು ಆ ದಿನವೆಂದು ಗುರುತಿಸಿ, ತಮ್ಮ ಸಂಸ್ಥಾಪನೆಯ ದಿನವಾಗಿ ಆಚರಿಸುತ್ತಾರೆ. ಒಂದು ಸಂಸ್ಥೆಯ ಜನ್ಮದಿನವು ಒಂದು ಬಾಟಲಿ ಬಿಯರಿನಿಂದ ಗೊತ್ತಾದದ್ದು ಬೇರೆಲ್ಲಿಯೂ ನಾನು ಕಂಡಿಲ್ಲ.

ಇಂಥ ಕೂಟ ಇದೇ ಮೊದಲಲ್ಲ. 1840ರಲ್ಲಿ ಬಾಲ್ಟಿಮೋರಿನ ಒಂದು ಪಾನಗೃಹದಲ್ಲಿ ಕುಳಿತಿದ್ದ ಆರು ಮಂದಿ ಕುಶಲಕರ್ಮಿಗಳು ಕುಡಿತ ಬಿಡುವ ಶಪಥ ಮಾಡಿ, ವಾಷಿಂಗ್ಟನ್ನನ ಹೆಸರಿನಲ್ಲಿ ಒಂದು ಸಂಘ ಕಟ್ಟಿದರು. ಅಲ್ಲಿಯೂ ಭಾಷಣವಿಲ್ಲ, ಸ್ವಂತ ಅನುಭವದ ನಿವೇದನೆ ಮಾತ್ರ. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಶಪಥಪತ್ರಕ್ಕೆ ಸಹಿ ಹಾಕಿದರು. 1842ರಲ್ಲಿ ಅವರ ಸ್ಪ್ರಿಂಗ್‌ಫೀಲ್ಡ್ ಶಾಖೆಯಲ್ಲಿ ಅಬ್ರಹಾಂ ಲಿಂಕನ್ ಮಾತಾಡಿದ್ದುಂಟು. ಆದರೆ ಪಾನನಿಷೇಧ ಕಾನೂನಿನ ವಾದವಿವಾದ, ರಾಜಕೀಯ, ಮೆರವಣಿಗೆ ಇವುಗಳ ನಡುವೆ ಸಂಘ ಚದುರಿ, ಆ ದಶಕ ಮುಗಿಯುವ ವೇಳೆಗೆ ಹೆಸರಿಲ್ಲದಂತಾಯಿತು. ನೂರು ವರ್ಷದ ಬಳಿಕ ಬಿಲ್ ವಿಲ್ಸನ್ ಈ ಪತನದ ಕಥೆಯನ್ನು ಓದಿಕೊಂಡು, ನಮ್ಮ ಕೂಟವು ಹೊರಗಿನ ಯಾವ ವಿವಾದದಲ್ಲೂ ಪಕ್ಷ ವಹಿಸಬಾರದು ಎಂಬ ನಿಯಮಕ್ಕೆ ಅದನ್ನೇ ಆಧಾರ ಮಾಡಿಕೊಂಡ. ಪಾನನಿಷೇಧ ಬೇಕೆ ಬೇಡವೆ ಎಂದು ಕೇಳಿದರೂ ಈ ಕೂಟ ಇಂದಿಗೂ ಉತ್ತರಿಸುವುದಿಲ್ಲ.

ಈಗ ವಿಳಾಸದ ಮಾತಿಗೆ ಬರೋಣ. ಮೊದಲ ನಾಲ್ಕು ವರ್ಷ ಕೂಟಕ್ಕೆ ಸ್ವಂತ ಹೆಸರಿರಲಿಲ್ಲ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಆಸರೆಯಲ್ಲಿ ಸದಸ್ಯರ ಮನೆಗಳಲ್ಲಿ ಸೇರುತ್ತಿದ್ದರು. ಬಾಯಿಂದ ಬಾಯಿಗೆ ಸುದ್ದಿ ಹೋಗಬೇಕು. ಇಲ್ಲವೇ ಬಿಲ್ ಮತ್ತು ಬಾಬ್ ಆಸ್ಪತ್ರೆಗೆ ಹೋಗಿ, ಹಾಸಿಗೆಗೆ ಕಟ್ಟಿಹಾಕಿದ ಕುಡುಕರಿದ್ದಾರೆಯೇ ಎಂದು ದಾದಿಯನ್ನು ವಿಚಾರಿಸಬೇಕು. ಮೂರನೆಯ ಸದಸ್ಯ ಸಿಕ್ಕಿದ್ದು ಹಾಗೆಯೇ, ಅಕ್ರಾನಿನ ಆಸ್ಪತ್ರೆಯಲ್ಲಿ. ಆತ ವೃತ್ತಿಯಿಂದ ವಕೀಲ. ಹೀಗೆ ಒಬ್ಬೊಬ್ಬರನ್ನೇ ಹುಡುಕುತ್ತ ಹೋದರೆ ದೇಶದ ಕುಡುಕರನ್ನೆಲ್ಲ ತಲುಪುವುದು ಯಾವ ಕಾಲಕ್ಕೆ? ಪುಸ್ತಕ ಬರೆಯೋಣವೆಂದು ತೀರ್ಮಾನವಾಯಿತು. 1939ರ ಏಪ್ರಿಲಿನಲ್ಲಿ ಪ್ರಕಟವಾದ ಪುಸ್ತಕದ ಹೆಸರೇ ಕೂಟದ ಹೆಸರೂ ಆಯಿತು. ಕೊಂಡವನಿಗೆ ಕೊಟ್ಟ ಮೂರೂವರೆ ಡಾಲರು ಸಾರ್ಥಕವೆನಿಸಲೆಂದು ಅದನ್ನು ದಪ್ಪ ಕಾಗದದ ಮೇಲೆ ಅಚ್ಚುಹಾಕಿಸಿದ್ದರಿಂದ 'ದೊಡ್ಡ ಪುಸ್ತಕ' ಎಂಬ ಅಡ್ಡಹೆಸರು ಅಂಟಿಕೊಂಡಿತು. ಮುನ್ನುಡಿಯಲ್ಲಿ ಹೆಸರು ಮರೆಮಾಡಿದ್ದಕ್ಕೆ ಕೊಟ್ಟ ಕಾರಣ ಬಹಳ ಸರಳ: ನಾವು ಕೆಲವೇ ಮಂದಿ, ಹೊಟ್ಟೆಪಾಡಿನ ಉದ್ಯೋಗವುಳ್ಳವರು; ಎಲ್ಲರೂ ಬಂದು ಬಾಗಿಲು ತಟ್ಟಿದರೆ ನಿಭಾಯಿಸಲಾರೆವು. ಹೆಸರಿಲ್ಲದಿರುವಿಕೆಯ ಆಧ್ಯಾತ್ಮಿಕ ಅರ್ಥವೆಲ್ಲ ಆಮೇಲೆ ಬಂದದ್ದು.

ಪುಸ್ತಕದಲ್ಲಿ ಮನುಷ್ಯರ ಹೆಸರಿನ ಬದಲು ಒಂದು ಅಂಚೆಪೆಟ್ಟಿಗೆಯ ಸಂಖ್ಯೆ ಇತ್ತು: ನ್ಯೂಯಾರ್ಕಿನ ಪೆಟ್ಟಿಗೆ 658. ಅದೇ ತಿಂಗಳು ಸದಸ್ಯನೊಬ್ಬನನ್ನು ರೇಡಿಯೋದಲ್ಲಿ ಮಾತಾಡಿಸುವ ಏರ್ಪಾಡಾಯಿತು. ಅಷ್ಟರಲ್ಲಿ ಅವನೇ ಕುಡಿದುಬಿಟ್ಟರೆ ಗತಿಯೇನು? ಕಾರ್ಯಕ್ರಮದವರೆಗೆ ಅವನನ್ನು ಒಂದು ಕ್ಲಬ್ಬಿನ ಕೋಣೆಯಲ್ಲಿ ಹಗಲಿರುಳು ಕಾವಲಿನಲ್ಲಿಟ್ಟರು. ಇತ್ತ 20,000 ವೈದ್ಯರಿಗೆ ಕಾರ್ಡು ಬರೆದು, ರೇಡಿಯೋ ಕೇಳಿರಿ, ಪುಸ್ತಕ ತರಿಸಿಕೊಳ್ಳಿರಿ ಎಂದು ತಿಳಿಸಿದ್ದರು. ಮೂರು ದಿನ ತಡೆದುಕೊಂಡು, ರಾಶಿ ಉತ್ತರಗಳನ್ನು ತುಂಬಿ ತರಲು ಪೆಟ್ಟಿಗೆಗಳನ್ನೇ ಹಿಡಿದುಕೊಂಡು ಅಂಚೆಕಚೇರಿಗೆ ಹೋದರೆ, ಬಂದಿದ್ದದ್ದು ಹನ್ನೆರಡು ಕಾರ್ಡು. ಪುಸ್ತಕ ಬೇಕೆಂದು ಬರೆದವರು ಇಬ್ಬರು.

ಬಾಗಿಲು ತೆರೆದದ್ದು ಪತ್ರಿಕೆಗಳಿಂದ. 1939ರ ಶರತ್ಕಾಲದಲ್ಲಿ ಕ್ಲೀವ್‌ಲ್ಯಾಂಡಿನ ದಿನಪತ್ರಿಕೆಯೊಂದು ಲೇಖನಮಾಲೆ ಪ್ರಕಟಿಸಿದಾಗ, ಅಲ್ಲಿದ್ದ ಇಪ್ಪತ್ತು ಚಿಲ್ಲರೆ ಸದಸ್ಯರ ಮೇಲೆ ನೂರಾರು ಕರೆಗಳು ಬಂದು ಬಿದ್ದವು. ಕುಡಿತ ಬಿಟ್ಟು ಒಂದು ವಾರವಾದವನು ನಿನ್ನೆ ಬಿಟ್ಟವನಿಗೆ ಗುರುವಾಗಬೇಕಾಯಿತು, ಮತ್ತು ಅದು ನಡೆಯಿತು! 1941ರ ಮಾರ್ಚ್ 1ರ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ವಾರಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಎಂಬ ಪತ್ರಕರ್ತ ಬರೆದ ಲೇಖನವಂತೂ ಕಟ್ಟೆ ಒಡೆದಂತೆ. ಇದೇನು ಮೋಸವೋ ಎಂಬ ಸಂಶಯದಿಂದಲೇ ತನಿಖೆಗೆ ಹೊರಟಿದ್ದವನು ನಂಬಿಕೆಯಿಂದ ಮರಳಿದ್ದ. ವರ್ಷದ ಆರಂಭದಲ್ಲಿ ಸುಮಾರು 2,000 ಇದ್ದ ಸದಸ್ಯರು ಕೊನೆಗೆ ಸುಮಾರು 8,000 ಆದರು. ಒಂದೊಂದು ಪತ್ರಕ್ಕೂ ರೂತ್ ಹಾಕ್ ಎಂಬ ಕಾರ್ಯದರ್ಶಿನಿ ಉತ್ತರ ಬರೆಯುತ್ತಿದ್ದಳು. ದೂರದ ಊರಿನವನಿಗೆ ಹತ್ತಿರದ ಸದಸ್ಯನ ವಿಳಾಸ. ಹತ್ತಿರ ಯಾರೂ ಇಲ್ಲದಿದ್ದರೆ ಇನ್ನೊಬ್ಬನನ್ನು ನೀನೇ ಹುಡುಕು ಎಂಬ ಸಲಹೆ. ಎಷ್ಟೋ ಊರುಗಳಲ್ಲಿ ಮೊದಲ ಸಭೆ ಹುಟ್ಟಿದ್ದು ಹೀಗೆ ಕಾಗದದಿಂದ.

ಪ್ರಸಿದ್ಧಿಯ ಅಪಾಯವೂ ಆಗಲೇ ಗೊತ್ತಾಯಿತು. 1940ರಲ್ಲಿ ಒಬ್ಬ ಹೆಸರಾಂತ ಬೇಸ್‌ಬಾಲ್ ಆಟಗಾರ ತಾನು ಈ ಕೂಟದವನೆಂದು ಪತ್ರಿಕೆಗಳಲ್ಲಿ ಸಾರಿದ. ಅದನ್ನು ಕಂಡು ಬಿಲ್ ವಿಲ್ಸನ್ ಕೂಡ ಕೆಲಕಾಲ ತನ್ನ ಹೆಸರು, ಚಿತ್ರಗಳನ್ನು ಅಚ್ಚಾಗಲು ಬಿಟ್ಟ. ಹೀಗೆ ಮೆರೆದವನು ನಾಳೆ ಮತ್ತೆ ಕುಡಿದರೆ ಜನ ಕೂಟವನ್ನೇ ನಂಬದಂತಾಗುವುದೆಂಬ ಎಚ್ಚರ ನಿಧಾನವಾಗಿ ಮೂಡಿತು. 1946ರಲ್ಲಿ ಬರೆಹಕ್ಕಿಳಿದು 1950ರ ಕ್ಲೀವ್‌ಲ್ಯಾಂಡ್ ಸಮಾವೇಶದಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳಲ್ಲಿ ಇದಕ್ಕೆ ಸ್ಪಷ್ಟ ರೂಪ ಬಂತು. ಸದಸ್ಯತ್ವಕ್ಕೆ ಬೇಕಾದದ್ದು ಕುಡಿತ ಬಿಡುವ ಇಚ್ಛೆಯೊಂದೇ. ಶುಲ್ಕವಿಲ್ಲ, ಹೊರಗಿನವರ ದೇಣಿಗೆ ಮುಟ್ಟುವಂತಿಲ್ಲ; ಸಭೆಯಲ್ಲಿ ತಟ್ಟೆ ಹಿಡಿದಾಗ ಸದಸ್ಯರು ಹಾಕಿದ್ದೇ ಆದಾಯ. ಹಣದ ಈ ವಿವೇಕವನ್ನು ಮೊದಲು ತೋರಿದವರು, ಆಶ್ಚರ್ಯವೆಂದರೆ, ಅಂದಿನ ಮಹಾ ಸಿರಿವಂತ ಜಾನ್ ಡಿ. ರಾಕ್‌ಫೆಲರ್ ಜೂನಿಯರ್. ದೊಡ್ಡ ಮೊತ್ತವನ್ನು ಬೇಡಿಬಂದವರಿಗೆ 1938ರಲ್ಲಿ 5,000 ಡಾಲರ್ ಕೊಡಿಸಿ, ಹೆಚ್ಚು ಹಣ ಈ ಕೆಲಸವನ್ನು ಕೆಡಿಸೀತು ಎಂದು ಕೈತಡೆದರು. ಬಿಲ್ ವಿಲ್ಸನ್ ಕೂಡ ಮುಂದೆ ಹಾದಿಗೆ ಬಂದ; 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ಕೊಡಬಂದ ಗೌರವ ಡಾಕ್ಟರೇಟನ್ನು ವಿನಯದಿಂದ ನಿರಾಕರಿಸಿದ.

ನಮ್ಮ ದೇಶಕ್ಕೆ ಈ ಕೂಟ ಬಂದ ಬಗೆಯೂ ಇದೇ ಜಾಡಿನದು. 1950ರ ದಶಕದ ಮಧ್ಯಭಾಗದಲ್ಲಿ ದೆಹಲಿಗೆ ಬಂದು ನೆಲೆಸಿದ್ದ ಕೆನಡಾದ ಸದಸ್ಯನೊಬ್ಬ ಇಲ್ಲಿ ಜೊತೆಗಾರರನ್ನು ಅರಸಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ. ಆ ಎಳೆ ಮುಂಬಯಿಯವರೆಗೆ ಚಾಚಿತು. 1957ರ ಮೇ 5ನ್ನು ಭಾರತದ ಸದಸ್ಯರು ತಮ್ಮ ಆರಂಭದ ದಿನವಾಗಿ ಗಣಿಸುತ್ತಾರೆ. ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮುಂಬಯಿ ಪ್ರಾಂತದಲ್ಲಿ 1949ರ ಕಾಯಿದೆಯಂತೆ ಆಗ ಪಾನನಿಷೇಧ ಜಾರಿಯಲ್ಲಿತ್ತು. ವೈದ್ಯರ ಪ್ರಮಾಣಪತ್ರದ ಮೇಲೆ ಪರವಾನಗಿ ಪಡೆದು ಕುಡಿಯುವವರು ಒಂದು ಕಡೆ, ಕಳ್ಳಭಟ್ಟಿಯವರು ಇನ್ನೊಂದು ಕಡೆ. ಕಾನೂನು ಬಾಟಲಿಯನ್ನು ನಿಷೇಧಿಸಿದ್ದ ನಗರದಲ್ಲಿಯೇ ಕುಡಿತ ಬಿಡಲಾರದೆ ತೊಳಲುತ್ತಿದ್ದವರು ಇದ್ದರು; ಅವರಿಗೆ ಬೇಕಾಗಿದ್ದದ್ದು ಪೊಲೀಸರಲ್ಲ.

ಸಂವಿಧಾನದ 47ನೆಯ ವಿಧಿಯ ಆಶಯವನ್ನು ನಾನು ಅಲ್ಲಗಳೆಯುತ್ತಿಲ್ಲ. ನಮ್ಮಲ್ಲಿ 1967ರಲ್ಲಿ ಪಾನನಿಷೇಧ ಹೋಯಿತು, 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ನಿಂತಾಗ ಕೂಲಿಯವರ ಮನೆಗಳಲ್ಲಿ ದೀಪ ಹತ್ತಿದ್ದನ್ನೂ, ಅವರಲ್ಲಿ ಕೆಲವರು ಹೆಚ್ಚು ಬೆಲೆಯ ಪ್ಯಾಕೆಟ್ಟುಗಳಿಗೆ ತಿರುಗಿದ್ದನ್ನೂ ಕಂಡಿದ್ದೇವೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದು ಮದ್ಯನಿಷೇಧ ಕೇಳಿದರು. ಅವರ ಸಂಕಟ ಅಂಗಡಿಯದು. ಸಭೆಯವರ ಸಂಕಟ ಅಂಗಡಿ ಮುಚ್ಚಿದ ಮೇಲೂ ಉಳಿಯುವ ದಾಹದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಅಂಥ ಒಂದು ಸಭೆಗೆ ನಾನು ಹೋದದ್ದುಂಟು. ಹಳೆಯ ವಿದ್ಯಾರ್ಥಿಯೊಬ್ಬ, ನಲವತ್ತರ ಪ್ರಾಯದವನು, ಚಿಕಿತ್ಸೆ ಮುಗಿಸಿ ಬಂದಿದ್ದ. ವೈದ್ಯರು ಸಭೆಗೆ ಹೋಗಲು ಹೇಳಿದ್ದರು. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಅವನ ಹೆಂಡತಿ ಮನೆಗೆ ಬಂದು, "ಮೇಷ್ಟ್ರೇ, ನೀವು ಹೇಳಿದರೆ ಹೋಗ್ತಾರೆ, ನೀವು ಜೊತೆಗೆ ಹೋದರೆ ಒಳಗೂ ಹೋಗ್ತಾರೆ" ಎಂದಳು. ಈ ಸಭೆಗಳಲ್ಲಿ ಎರಡು ಬಗೆ: ಮುಚ್ಚಿದ ಸಭೆ ಕುಡಿತದ ತೊಂದರೆಯುಳ್ಳವರಿಗೆ ಮಾತ್ರ, ತೆರೆದ ಸಭೆಗೆ ಯಾರೂ ಬರಬಹುದು. ತೆರೆದ ಸಭೆಯ ದಿನವನ್ನು ವಿಚಾರಿಸಿಕೊಂಡು ಹೊರಟೆವು. ಚರ್ಚಿನ ಆವರಣದ ಪ್ರಾಥಮಿಕ ಶಾಲೆಯೆಂದು ಗೊತ್ತಿತ್ತು, ಯಾವ ಕೋಣೆಯೆಂದು ಗೊತ್ತಿರಲಿಲ್ಲ. ಫಲಕವಿಲ್ಲ. ಗೇಟಿನವನನ್ನು ಕೇಳೋಣವೆಂದರೆ ನನ್ನ ವಿದ್ಯಾರ್ಥಿ ಕೈ ಹಿಡಿದು ತಡೆದ. ಕೇಳಿದರೆ ತಾನು ಯಾರೆಂದು ಗೊತ್ತಾಗಿಬಿಡುತ್ತದಲ್ಲ! ಎರಡು ಸಲ ಬಸ್‌ಸ್ಟಾಪಿನವರೆಗೂ ಹಿಂದಿರುಗಿದ. ಕೊನೆಗೆ ಒಂದು ಕಂಬಕ್ಕೆ ಅಂಟಿಸಿದ್ದ ಕಾಗದದ ಚೂರು ಕಣ್ಣಿಗೆ ಬಿತ್ತು: ಎ ಎ ಎಂಬ ಎರಡಕ್ಷರ, ಒಂದು ಬಾಣದ ಗುರುತು.

ಒಳಗಿನಿಂದ ಚಹಾದ ಕೆಟಲು ಹಿಡಿದು ಬಂದವರೊಬ್ಬರು ನಮ್ಮ ಹೆಸರನ್ನು ಕೇಳಲಿಲ್ಲ, ಊರನ್ನೂ ಕೇಳಲಿಲ್ಲ. "ಮೊದಲನೇ ಸಲವಾ? ಬನ್ನಿ, ಕೂತ್ಕೊಳ್ಳಿ" ಎಂದರು. ಮೂರನೆಯ ತರಗತಿಯ ಕೋಣೆ. ಮಕ್ಕಳ ಪುಟ್ಟ ಬೆಂಚುಗಳಲ್ಲಿ ದೊಡ್ಡವರೆಲ್ಲ ಮಂಡಿ ಮಡಿಸಿ ಕುಳಿತಿದ್ದರು. ಹಲಗೆಯ ಮೇಲೆ ಏಳರ ಮಗ್ಗಿ ಇನ್ನೂ ಅಳಿಸದೆ ಇತ್ತು. ಒಬ್ಬೊಬ್ಬರೂ ತಮ್ಮ ಮೊದಲ ಹೆಸರು ಹೇಳಿ ಮಾತಾಡಿದರು. ನಡುವೆ ಯಾರೂ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಕೇಳಿಬಂದವು. ಯಾರು ಏನು ಹೇಳಿದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅಲ್ಲಿ ಕೇಳಿದ್ದನ್ನು ಅಲ್ಲಿಯೇ ಬಿಟ್ಟುಬರಬೇಕೆಂಬುದು ನಿಯಮ. ನನ್ನ ವಿದ್ಯಾರ್ಥಿ ಅಂದು ಮಾತಾಡಲಿಲ್ಲ. ಎರಡು ತಿಂಗಳು ಹೋಗಿ, ಬಿಟ್ಟು, ಜಾರಿ, ಮತ್ತೆ ಆಸ್ಪತ್ರೆ ಸೇರಿ, ಮತ್ತೆ ಹೋದ. ಮುಂದೊಂದು ದಿನ ಆ ಹೆಣ್ಣುಮಗಳು ಸಂತೆಯಲ್ಲಿ ಸಿಕ್ಕಿ, "ಈ ಗುರುವಾರ ನಾನು ಹೇಳೋಕೆ ಮುಂಚೇನೇ ಚಪ್ಪಲಿ ಮೆಟ್ಟಿಕೊಂಡ್ರು, ಮೇಷ್ಟ್ರೇ" ಎಂದಷ್ಟೇ ಹೇಳಿ ತರಕಾರಿಯ ಕಡೆ ತಿರುಗಿದಳು.

ದೇವರ ವಿಷಯದಲ್ಲಿ ಅನೇಕರಿಗೆ ಸಂಕೋಚವಿದೆ, ನನಗೂ ಇದೆ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಪ್ರಸ್ತಾಪ ಸಾಕಷ್ಟಿದೆ; ಮೂಲ ಕ್ರೈಸ್ತ ಚಳವಳಿಯ ವಾಸನೆ ಪೂರ್ತಿ ಹೋಗಿಲ್ಲ. ಪುಸ್ತಕ ಬರೆಯುವಾಗಲೇ ಕೆಲವು ನಾಸ್ತಿಕ ಸದಸ್ಯರು ಹಟ ಹಿಡಿದು, ಅವರವರು ತಿಳಿದಂಥ ದೇವರು ಎಂಬರ್ಥದ ಮಾತನ್ನು ಸೇರಿಸಿದ್ದರಿಂದ ಬಾಗಿಲು ಸ್ವಲ್ಪ ಅಗಲವಾಯಿತು. ದೇವರಿಲ್ಲದ ಮಾರ್ಗ ಬೇಕೆಂದವರು ಬೇರೆ ಕೂಟಗಳನ್ನೂ ಕಟ್ಟಿದ್ದಾರೆ. ನಮ್ಮ ನಾಡಿನಲ್ಲೇ ಧರ್ಮಸ್ಥಳದ ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿ, ಶಿಬಿರ ಮುಗಿಸಿದವರು ಮತ್ತೆ ಮತ್ತೆ ಸೇರಲು ನವಜೀವನ ಸಮಿತಿಗಳನ್ನು ಮಾಡಿದೆ. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು, ಕುಡಿತದಿಂದ ಪತಿಯನ್ನು ಕಳೆದುಕೊಂಡ ಮೇಲೆ, 1980ರಲ್ಲಿ ಚಿಕಿತ್ಸಾ ಸಂಸ್ಥೆಯನ್ನೇ ಕಟ್ಟಿದರು.

ಇದೆಲ್ಲ ಬರಿಯ ನಂಬಿಕೆಯೇ, ಫಲವುಂಟೇ ಎಂಬ ಪ್ರಶ್ನೆ ಬಹುಕಾಲ ತೀರ್ಮಾನವಾಗಿರಲಿಲ್ಲ. ಹೆಸರು ಬರೆದಿಡದ ಕೂಟದ ಲೆಕ್ಕ ತೆಗೆಯುವುದು ಹೇಗೆ? 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಮಿಕ್ಕಿದ ರೋಗಿಗಳ ವಿವರವನ್ನು ಒಟ್ಟಿಗೆ ಪರಿಶೀಲಿಸಿತು. ಸಭೆಗಳ ಕಡೆಗೆ ರೋಗಿಯನ್ನು ಕ್ರಮಬದ್ಧವಾಗಿ ಕೊಂಡೊಯ್ಯುವ ಚಿಕಿತ್ಸೆಯು, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ಇತರ ಪ್ರಮುಖ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿ ಎಂದು ಅದು ಕಂಡುಕೊಂಡಿತು. ಎಲ್ಲರಿಗೂ ಫಲಿಸುತ್ತದೆಂದು ಅದರ ಅರ್ಥವಲ್ಲ. ಅದೇ ವರ್ಷ ಕೊರೊನಾ ಬಂದು ಕೋಣೆಗಳೆಲ್ಲ ಮುಚ್ಚಿದಾಗ ಸಭೆಗಳು ಮೊಬೈಲಿನ ಪರದೆಗೆ ಹೋದವು. ಹಾಗೆ ಹೋದವುಗಳಲ್ಲಿ ಹಲವು ಇಂದಿಗೂ ಅಲ್ಲಿಯೇ ನಡೆಯುತ್ತಿರುವುದರಿಂದ, ಊರಿನಲ್ಲಿ ಸಭೆಯಿಲ್ಲದವರಿಗೂ ಒಂದು ದಾರಿಯಾಗಿದೆ.

ಹುಡುಕುತ್ತಿರುವವರಿಗಾಗಿ ಕೆಲವು ಮಾತು. ಬಹುಕಾಲ ದಿನವೂ ಕುಡಿದವನು ತಟ್ಟನೆ ನಿಲ್ಲಿಸಿದರೆ ಫಿಟ್ಸು, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರು, ಆಮೇಲೆ ಸಭೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಹತ್ತಿರದ ಸಭೆಯ ಸುಳಿವು ಅವರಲ್ಲಿಯೇ ಸಿಗುವ ಸಂಭವ ಹೆಚ್ಚು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ಹಣವಿಲ್ಲ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವನು ಒಪ್ಪದಿದ್ದರೂ ಮನೆಯವರು ತಮಗಾಗಿ ಹೋಗಬಹುದಾದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಬಿಲ್ ವಿಲ್ಸನನ ಪತ್ನಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬಳೊಡನೆ ಅದನ್ನು ಆರಂಭಿಸಿದಳು. ಸಭೆಗೆ ಹೋಗುವಾಗ ಹತ್ತು ನಿಮಿಷ ಮುಂಚಿತವಾಗಿ ಹೋಗಿ, ಬಾಗಿಲ ಬಳಿ ಚಹಾ ಹಂಚುತ್ತಿರುವವರನ್ನು ಕೇಳಿರಿ.